ಸಮಾಜ ವಿಜ್ಞಾನ: ಎಕ್ಕಂಬಿಯಿಂದಲೇ ಓದಲು ಆರಂಭಿಸೋಣ

ಗಣಿತ, ವಿಜ್ಞಾನಕ್ಕೆ ಟ್ಯೂಷನ್, ಸಮಾಜ ವಿಜ್ಞಾನಕ್ಕೆ ಪರೀಕ್ಷೆಯ ಹಿಂದಿನ ರಾತ್ರಿ. ಹೈಸ್ಕೂಲಿಗೆ ಹೋಗುವ ಮಕ್ಕಳಿರುವ ಅನೇಕ ಮನೆಗಳಲ್ಲಿ ಇದೇ ಪದ್ಧತಿ. ಆದರೆ ಎಸ್.ಎಸ್.ಎಲ್.ಸಿ.ಯಲ್ಲಿ ಈ ವಿಷಯಕ್ಕೂ 100 ಅಂಕಗಳಿವೆ: ಲಿಖಿತ ಪರೀಕ್ಷೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಹೀಗೆ ಆರು ವಿಭಾಗಗಳು. ಒಂದು ರಾತ್ರಿಯ ಬಾಯಿಪಾಠಕ್ಕೆ ಇವು ಸಿಗುವುದಿಲ್ಲ. ಪಾಠವನ್ನು ನಮ್ಮ ಊರಿನೊಂದಿಗೆ ಜೋಡಿಸಿಕೊಂಡರೆ ಮಾತ್ರ ನೆನಪಿನಲ್ಲಿ ಉಳಿಯುತ್ತವೆ.

ಶಿರಸಿ ತಾಲೂಕಿನ ಎಕ್ಕಂಬಿಯನ್ನೇ ನೋಡೋಣ. ನಾಲ್ಕನೇ ಶತಮಾನದಲ್ಲಿ ಮಯೂರಶರ್ಮ ಕಟ್ಟಿದ ಕದಂಬ ರಾಜ್ಯದ ರಾಜಧಾನಿ ಬನವಾಸಿ ಇದೇ ತಾಲೂಕಿನಲ್ಲಿದೆ. 1930ರ ದಶಕದ ಆರಂಭದಲ್ಲಿ ಶಿರಸಿ, ಸಿದ್ದಾಪುರ, ಅಂಕೋಲಾ ಭಾಗದ ರೈತರು ಬ್ರಿಟಿಷ್ ಸರಕಾರಕ್ಕೆ ಕರ ಕೊಡದೆ ಜಮೀನು ಕಳೆದುಕೊಂಡರು. ಇಷ್ಟು ತಿಳಿದ ವಿದ್ಯಾರ್ಥಿಗೆ ಅಸಹಕಾರ, ಕಾನೂನುಭಂಗ ಎಂಬ ಪದಗಳು ದೂರದವು ಎನಿಸವು.

ಭೂಗೋಳವೂ ಹಾಗೆಯೇ. ಘಟ್ಟದಿಂದ ಪೂರ್ವಕ್ಕೆ, ಹಾನಗಲ್ ಕಡೆಗೆ ಸಾಗಿದಂತೆ ಮಳೆ ಕಡಿಮೆಯಾಗುತ್ತದೆ, ಕಾಡು ತೆಳುವಾಗುತ್ತದೆ. ಮಳೆಯ ನೆರಳಿನ ಪ್ರದೇಶವೆಂದರೆ ಏನೆಂಬುದನ್ನು ಬಸ್ಸಿನ ಕಿಟಕಿಯಲ್ಲೇ ಕಾಣಬಹುದು. ಸಹಕಾರ ತತ್ವಕ್ಕೆ 1923ರಲ್ಲಿ ಆರಂಭವಾದ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ ಉದಾಹರಣೆ. ಪರಿಸರ ಚಳವಳಿಗೆ, 1983ರಲ್ಲಿ ಶಿರಸಿ ತಾಲೂಕಿನ ಜನ ಮರಗಳನ್ನು ಅಪ್ಪಿಕೊಂಡು ಉಳಿಸಿದ ಅಪ್ಪಿಕೋ ಇದೆ. ಸಾಮಾಜಿಕ ನ್ಯಾಯಕ್ಕೆ, ನಮ್ಮ ಜಿಲ್ಲೆಯ ಸಿದ್ದಿ ಸಮುದಾಯ 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದನ್ನು ಹೇಳಬಹುದು.

ಕಥೋಲಿಕ ಪ್ರೌಢಶಾಲೆಯ ತರಗತಿಗೆ ಇನ್ನೊಂದು ಉದಾಹರಣೆ ಹತ್ತಿರದಲ್ಲೇ ಇದೆ: ಆ ಶಾಲೆಯೇ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಇಚ್ಛೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ. ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ, ಅಪ್ರಾಪ್ತ ವಯಸ್ಕರಾದರೆ ಪಾಲಕರ ಒಪ್ಪಿಗೆ ಬೇಕು ಎಂದು 28ನೇ ವಿಧಿ ಹೇಳುತ್ತದೆ. ಒಂದು ವಿಧಿ ಶಾಲೆ ನಡೆಸುವವರನ್ನು ಕಾಯುತ್ತದೆ, ಇನ್ನೊಂದು ಅಲ್ಲಿ ಕಲಿಯುವ ಅನ್ಯಧರ್ಮೀಯ ಮಗುವನ್ನು. ಒಂದೇ ಬೆಂಚಿನ ಇಬ್ಬರೂ ಈ ಎರಡನ್ನೂ ಒಟ್ಟಿಗೆ ಓದಬೇಕು. ತನ್ನ ಹಕ್ಕನ್ನು ಮಾತ್ರ ಬಲ್ಲವನು ಅರ್ಧ ಪಾಠ ಕಲಿತಂತೆ.

ಪಾಲಕರು ಮಾಡಬಹುದಾದ ಕೆಲಸ ಸರಳ. "ಎಷ್ಟು ಅಂಕ ಬಂತು?" ಎಂದು ಕೇಳುವ ಮೊದಲು "ಇಂದಿನ ಪಾಠದಲ್ಲಿ ನಮ್ಮ ಊರು ಎಲ್ಲಿದೆ?" ಎಂದು ಕೇಳಿ. ಮನೆಯ ಹಿರಿಯರ ಪಕ್ಕ ಮಕ್ಕಳನ್ನು ಕೂರಿಸಿ, ಜಮೀನು, ಕಾಡು, ಮಾರುಕಟ್ಟೆಯ ಹಳೆಯ ಸಂಗತಿ ಬರೆದುಕೊಳ್ಳಲು ಹೇಳಿ. ಶಾಲೆಯ ಯೋಜನಾ ಕಾರ್ಯಕ್ಕೂ ಅದು ಒದಗುತ್ತದೆ. ಹದಿನೆಂಟು ತುಂಬಿ ಮತ ಹಾಕಲು ಹೋಗುವ ದಿನ ಅವರ ಜೊತೆಗಿರುವುದು ಬಾಯಿಪಾಠದ ಇಸವಿಗಳಲ್ಲ, ಈ ತಿಳುವಳಿಕೆ.