ಧೂಳಿಲ್ಲದ ಕೋಣೆಯಲ್ಲಿ ರಿಪೇರಿ

ಹೃದಯದ ರಕ್ತನಾಳಕ್ಕೆ ಕೂರಿಸುವ ಸ್ಟೆಂಟನ್ನು ಪ್ಯಾಕ್ ಮಾಡುವುದು ಕ್ಲೀನ್‌ರೂಮಿನಲ್ಲಿ. ಅದು ಐಎಸ್‌ಒ 7ನೇ ದರ್ಜೆಯದಾದರೆ, ಒಂದು ಘನ ಮೀಟರ್ ಗಾಳಿಯಲ್ಲಿ ಅರ್ಧ ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣಗಳು 3,52,000 ಮೀರುವಂತಿಲ್ಲ.

ಇಂಥಲ್ಲಿ ಯಂತ್ರ ಕೆಟ್ಟರೆ ಸ್ಪ್ಯಾನರ್ ಹಿಡಿದು ಒಳಗೆ ನುಗ್ಗಲಾಗದು. ತಂತ್ರಜ್ಞರು ಗೌನು, ಕೈಗವಸು, ಮುಖಗವಸು ತೊಡಬೇಕು. ಸಲಕರಣೆಗಳನ್ನು ಆಲ್ಕೋಹಾಲಿನಿಂದ ಒರೆಸಬೇಕು. ರಿಪೇರಿ ಮುಗಿದ ಮೇಲೆ ಜಾಗವನ್ನು ಶುಚಿಗೊಳಿಸಿ, ಅಗತ್ಯವಿದ್ದರೆ ಗಾಳಿಯ ಕಣಗಳನ್ನು ಎಣಿಸಿದ ನಂತರವೇ ಉತ್ಪಾದನೆ ಶುರು.

ಆದ್ದರಿಂದ ಒಳ್ಳೆಯ ಮೇಲ್ವಿಚಾರಕರು ಯಂತ್ರ ಕೆಡುವವರೆಗೆ ಕಾಯುವುದಿಲ್ಲ.

ಫಿಲ್ಟರ್, ಮೋಟಾರ್, ಒತ್ತಡ ಮಾಪಕಗಳ ತಪಾಸಣೆಗೆ ವೇಳಾಪಟ್ಟಿ ಹಾಕುತ್ತಾರೆ. ಪ್ರತಿ ಪಾಳಿಯಲ್ಲೂ ತರಬೇತಿ ಪಡೆದ ಒಬ್ಬ ತಂತ್ರಜ್ಞರಾದರೂ ಇರುವಂತೆ ನೋಡಿಕೊಳ್ಳುತ್ತಾರೆ. ವೈದ್ಯಕೀಯ ಸಾಧನ ತಯಾರಿಕೆಯ ಐಎಸ್‌ಒ 13485 ಮಾನದಂಡ ಈ ನಿರ್ವಹಣೆಯ ದಾಖಲೆಯನ್ನೂ ಸಿಬ್ಬಂದಿಯ ತರಬೇತಿಯ ದಾಖಲೆಯನ್ನೂ ಕೇಳುತ್ತದೆ. ಭಾರತದ 2017ರ ವೈದ್ಯಕೀಯ ಸಾಧನ ನಿಯಮಗಳ ಐದನೇ ಅನುಸೂಚಿಯೂ ಇದನ್ನೇ ವಿಧಿಸಿದೆ.