ಮಂತ್ರದಂಡ ಹಿಡಿದ ಶಾಲಾ ಬಾಲೆಯರು

ನಮ್ಮ ಮಕ್ಕಳಿಗೆಲ್ಲ ಚಿರಪರಿಚಿತವಾದ ಕಾರ್ಟೂನಿನ ಊರು ಢೋಲಕ್‌ಪುರ ಹುಟ್ಟಿದ್ದು ಹೈದರಾಬಾದಿನಲ್ಲಿ. ರಾಜೀವ್ ಚಿಲಕ 2001ರಲ್ಲಿ ಇಲ್ಲಿ ಕಟ್ಟಿದ ಗ್ರೀನ್ ಗೋಲ್ಡ್ ಅನಿಮೇಷನ್ ಸಂಸ್ಥೆ 2008ರಲ್ಲಿ ಪೋಗೊ ವಾಹಿನಿಗೆ ‘ಛೋಟಾ ಭೀಮ್’ ಕೊಟ್ಟಿತು. ಸಂಕಟ ಬಂದಾಗ ಭೀಮ ಲಾಡು ತಿನ್ನುತ್ತಾನೆ, ಬಲ ಉಕ್ಕುತ್ತದೆ, ದುಷ್ಟರು ಮಣ್ಣು ಮುಕ್ಕುತ್ತಾರೆ. ಲಾಡಿನ ಅಂಗಡಿ ಟುನ್‌ಟುನ್ ಮೌಸಿಯದು. ಭೀಮನಿಗೆ ಲಾಡು ತಂದುಕೊಡುವವಳು ಅವಳ ಮಗಳು ಚುಟ್ಕಿ. ಚುಟ್ಕಿ ಜಾಣೆ, ಧೈರ್ಯದವಳು. ಆದರೂ ಆ ಬಲ ಅವಳ ಪಾಲಿಗಿಲ್ಲ.

ಬಲವನ್ನು ನೇರವಾಗಿ ಚುಟ್ಕಿಯ ವಯಸ್ಸಿನವಳ ಕೈಗೆ ಇಡುವ ಕಥೆಗಳನ್ನು ಜಪಾನಿನ ಕಾಮಿಕ್ಸ್ ಮತ್ತು ಅನಿಮೇಷನ್ ಸುಮಾರು ಅರವತ್ತು ವರ್ಷಗಳಿಂದ ಹೇಳುತ್ತಿವೆ. ಅಲ್ಲಿ ಇಂಥ ಕಥೆಗಳಿಗೆ ‘ಮಹೋ ಶೋಜೊ’ ಎಂಬ ಹೆಸರು. ಅನಿಮೆಯ, ಅಂದರೆ ಜಪಾನಿ ಅನಿಮೇಷನ್ನಿನ, ಪ್ರಿಯರ ಬಾಯಲ್ಲಿ ಮ್ಯಾಜಿಕಲ್ ಗರ್ಲ್. 2013ರಲ್ಲಿ ಹೈದರಾಬಾದಿಗೆ ಕಾಮಿಕ್ ಕಾನ್ ಮೇಳ ಬಂದ ಮೇಲೆ ಇಲ್ಲಿನ ಹರೆಯದವರೂ ಅನಿಮೆ ಪಾತ್ರಗಳ ವೇಷ ತೊಟ್ಟು ನೆರೆಯುತ್ತಾರೆ. ಅವರ ಅಪ್ಪ ಅಮ್ಮಂದಿರಿಗೂ ಈ ಲೋಕದ ಪರಿಚಯ ಇರಲಿ ಎಂದು ಈ ಬರಹ.

ಮೊದಲ ಹೆಜ್ಜೆ 1966ರದು. ಮಿತ್ಸುತೆರು ಯೊಕೊಯಾಮರ ಕಾಮಿಕ್ಸ್ ಆಧರಿಸಿ ತೋಯೆ ಸಂಸ್ಥೆ ಆ ವರ್ಷ ‘ಸ್ಯಾಲಿ’ಯನ್ನು ಟಿವಿಗೆ ತಂದಿತು. ಮಾಯಾಲೋಕದ ರಾಜಕುಮಾರಿಯೊಬ್ಬಳು ಭೂಮಿಗೆ ಬಂದು ಗೆಳತಿಯರ ನಡುವೆ ಬಾಳುವ ಕಥೆ. ಪ್ರೇರಣೆ ಅಮೆರಿಕದ ‘ಬಿವಿಚ್ಡ್’ ಧಾರಾವಾಹಿ. 1969ರ ಇನ್ನೊಂದು ಸರಣಿಯ ನಾಯಕಿ ಆಕ್ಕೊ ಮಾತ್ರ ನಮ್ಮ ನಿಮ್ಮ ಮನೆಯ ಮಗಳಂಥವಳು. ಒಡೆದುಹೋದ ತನ್ನ ಕನ್ನಡಿಯನ್ನು ಬಿಸಾಡಲು ಮನಸ್ಸಾಗದೆ ಮಣ್ಣಿನಲ್ಲಿ ಹೂಳುತ್ತಾಳೆ; ಅದಕ್ಕೆ ಮೆಚ್ಚಿದ ಕನ್ನಡಿಯ ದೇವತೆ, ಅವಳು ಬೇಕಾದ ರೂಪ ತಾಳಲು ನೆರವಾಗುವ ಮಾಯದ ಕನ್ನಡಿ ಕೊಡುತ್ತದೆ. ವಸ್ತುವಿನ ಮೇಲಿನ ಅಕ್ಕರೆಗೆ ಬಂದ ವರ ಅದು. ಈ ಪ್ರಕಾರದ ಜೀವ ಇರುವುದು ಇಂಥ ಕಡೆ.

1992ರಲ್ಲಿ ಎಲ್ಲವನ್ನೂ ಬದಲಿಸಿದ್ದು ‘ಸೈಲರ್ ಮೂನ್’. ಫಾರ್ಮಸಿ ಓದಿದ ನವೊಕೊ ತಕೆಉಚಿ ಸೃಷ್ಟಿಸಿದ ಉಸಾಗಿ ಹದಿನಾಲ್ಕರ ಹುಡುಗಿ: ನಿದ್ದೆಬುರುಕಿ, ಅಳುಬುರುಕಿ, ಪರೀಕ್ಷೆಯಲ್ಲಿ ಅಂಕಗಳೂ ಅಷ್ಟಕ್ಕಷ್ಟೆ. ಬಣ್ಣಬಣ್ಣದ ಉಡುಪಿನ ವೀರರ ತಂಡ ಒಟ್ಟಾಗಿ ಹೋರಾಡುವ ಜಪಾನಿ ಟಿವಿಯ ಜನಪ್ರಿಯ ಅಚ್ಚಿನೊಳಕ್ಕೆ ತಕೆಉಚಿ ಗೆಳತಿಯರನ್ನು ತಂದರು. 1997ರವರೆಗೆ 200 ಕಂತುಗಳು ಪ್ರಸಾರವಾದವು. ಬಹುತೇಕ ಪ್ರತಿ ಕಂತಿನಲ್ಲೂ ರೂಪಾಂತರದ ದೃಶ್ಯವಿರುತ್ತದೆ: ಸಂಗೀತ ಏರುತ್ತದೆ, ಹುಡುಗಿ ಗಿರ್ರನೆ ತಿರುಗುತ್ತಾಳೆ, ರಿಬ್ಬನ್ನು, ಬೂಟು, ಕಿರೀಟ ಒಂದೊಂದಾಗಿ ಮೈಗೇರುತ್ತವೆ. ಒಮ್ಮೆ ಶ್ರದ್ಧೆಯಿಂದ ಚಿತ್ರಿಸಿಟ್ಟ ಆ ತುಣುಕನ್ನೇ ವಾರವಾರವೂ ಬಳಸಿದರೆ ಸ್ಟುಡಿಯೊಗೆ ಹಣವೂ ಸಮಯವೂ ಉಳಿಯುತ್ತದೆ. ಅಂಥದೇ ದಂಡ, ಡಬ್ಬಿಗಳನ್ನು ಆಟಿಕೆ ಕಂಪನಿ ಮಾರುತ್ತದೆ. ವ್ಯಾಪಾರ ನಿಜ. ಆದರೆ ಯಕ್ಷಗಾನದ ಒಡ್ಡೋಲಗದಂತೆ, ಗೊತ್ತಿದ್ದದ್ದೇ ಮತ್ತೆ ಬರುವುದಕ್ಕಾಗಿ ಕಾಯುವ ಸುಖವೂ ಅಷ್ಟೇ ನಿಜ.

ಕ್ಲ್ಯಾಂಪ್ ಎಂಬ ನಾಲ್ವರು ಕಲಾವಿದೆಯರ ಬಳಗದ ‘ಕಾರ್ಡ್‌ಕ್ಯಾಪ್ಟರ್ ಸಕುರಾ’ 1998ರಲ್ಲಿ ತೆರೆಗೆ ಬಂತು. ಅಮೆರಿಕದ ವಾಹಿನಿಯೊಂದು ಗಂಡುಮಕ್ಕಳನ್ನೂ ಸೆಳೆಯಲೆಂದು ಮೊದಲ ಕಂತುಗಳನ್ನು ಬಿಟ್ಟು, ಹುಡುಗನೊಬ್ಬ ಪ್ರವೇಶಿಸುವ ಎಂಟನೆಯ ಕಂತಿನಿಂದ ಅದನ್ನು ಆರಂಭಿಸಿತು. ನಾಯಕಿ ಸಕುರಾಗೆ ಶಕ್ತಿ ದೊರೆತ ಕಥೆಗೇ ಕತ್ತರಿ! ಇದನ್ನು ನೆನೆದರೆ ನನಗೆ ಈಗಲೂ ಸಂಕಟ.

2011ರ ‘ಮಡೋಕಾ ಮಾಜಿಕಾ’ ಈ ಪರಂಪರೆಯನ್ನೇ ಪ್ರಶ್ನಿಸಿತು. ಮುದ್ದಾದ ಬಿಳಿ ಪ್ರಾಣಿಯೊಂದು ಬಂದು, ನಿನ್ನ ಒಂದು ಆಸೆ ಪೂರೈಸುತ್ತೇನೆ, ನೀನು ಮಾಂತ್ರಿಕ ಹುಡುಗಿಯಾಗು ಎನ್ನುತ್ತದೆ. ಆ ಒಪ್ಪಂದಕ್ಕೆ ತೆರಬೇಕಾದ ಬೆಲೆ ಘೋರವಾದದ್ದು. ಅದನ್ನು ನೋಡುವಾಗ ಎ.ಕೆ. ರಾಮಾನುಜನ್ ಕನ್ನಡದ ಹೆಂಗಸರಿಂದ ಕೇಳಿ ಸಂಗ್ರಹಿಸಿದ, ಗಿರೀಶ ಕಾರ್ನಾಡರು ‘ಚೆಲುವಿ’ ಚಿತ್ರವಾಗಿಸಿದ ಜನಪದ ಕಥೆ ನನ್ನ ಬೆನ್ನು ಬಿಡಲಿಲ್ಲ. ಒಂದು ಕೊಡ ನೀರು ಸುರಿದರೆ ಹುಡುಗಿ ಹೂವಿನ ಗಿಡವಾಗುತ್ತಾಳೆ, ಇನ್ನೊಂದು ಸುರಿದರೆ ಮತ್ತೆ ಹುಡುಗಿ. ಅಕ್ಕತಂಗಿಯರ ನಡುವೆ ಎಲ್ಲವೂ ಕ್ಷೇಮ. ಮದುವೆಯಾದ ಮೇಲೆ ನಾದಿನಿ ಮತ್ತವಳ ಗೆಳತಿಯರು ಕೊಂಬೆ ಮುರಿದು, ಎರಡನೆಯ ಕೊಡವನ್ನು ಸರಿಯಾಗಿ ಸುರಿಯದೆ ಓಡಿಹೋಗುತ್ತಾರೆ. ಕೈಕಾಲಿಲ್ಲದ ಅರೆಜೀವವಾಗಿ ಅವಳು ಉಳಿಯುತ್ತಾಳೆ. ನಮ್ಮ ಹುಡುಗಿಗೂ ಮಾಯೆ ಇತ್ತು. ಕೊಡ ಇನ್ನೊಬ್ಬರ ಕೈಯಲ್ಲಿತ್ತು.

ಹೈದರಾಬಾದಿನಲ್ಲಿ ಗೆರೆ ಎಳೆಯುವ, ಚಲನೆ ತುಂಬುವ ಕುಶಲ ಕೈಗಳಿಗೆ ಕೊರತೆಯಿಲ್ಲ. ಎರಡೂ ಕೊಡಗಳನ್ನು ತಾನೇ ಎತ್ತಿಕೊಳ್ಳುವ ಹುಡುಗಿಯ ಕಥೆ ಅವರಿಂದ ಬರಲಿ ಎಂಬುದು ನನ್ನ ಆಸೆ.

ಹೊಸಬರು ಸಕುರಾಳಿಂದ ಆರಂಭಿಸಬಹುದು, ಮಕ್ಕಳ ಜೊತೆ ಕೂತು ನೋಡುವಂಥದ್ದು. ಹೊಡೆದಾಟ ಇಷ್ಟಪಡುವ ಹುಡುಗಿಯರಿಗೆ 2004ರಿಂದ ನಡೆದುಬಂದಿರುವ ‘ಪ್ರಿಕ್ಯೂರ್’ ಸರಣಿಯಿದೆ. ಮಡೋಕಾ ಹನ್ನೆರಡೇ ಕಂತು. ಬಣ್ಣ ನೋಡಿ ಮೋಸಹೋಗಿ ಚಿಕ್ಕವರಿಗೆ ಹಾಕಿಕೊಡಬೇಡಿ, ಮೊದಲು ನೀವು ನೋಡಿ.