ನೊಂದ ಕುತ್ತಿಗೆಗೆ ಸೂಜಿಯ ಚಿಕಿತ್ಸೆ

ಒಂದು ಗಾಜಿನ ಲೋಟ. ಅದರ ಬಾಯಿಯ ಮೇಲೊಂದು ರಟ್ಟಿನ ತುಂಡು. ರಟ್ಟಿನ ಮೇಲೊಂದು ನಾಣ್ಯ. ರಟ್ಟನ್ನು ಬೆರಳಿನಿಂದ ಫಕ್ಕನೆ ಚಿಮ್ಮಿದರೆ ಅದು ದೂರ ಹಾರಿಹೋಗುವುದು. ನಾಣ್ಯ ಮಾತ್ರ ಟಣ್ಣೆಂದು ಲೋಟದೊಳಗೆ ಬೀಳುವುದು. ನ್ಯೂಟನ್ನನ ಮೊದಲನೆಯ ಚಲನ ನಿಯಮವನ್ನು ವಿದ್ಯಾರ್ಥಿಗಳಿಗೆ ಮನಗಾಣಿಸಲು ನಾವು ಪ್ರತಿವರ್ಷವೂ ತರಗತಿಯಲ್ಲಿ ತೋರಿಸುವ ಪ್ರಯೋಗ ಇದು. ಒಂದು ದಿನ ನಾವೇ ಆ ನಾಣ್ಯವಾಗುವೆವೆಂದು ಎಣಿಸಿರಲಿಲ್ಲ.

ಭತ್ತದ ಕೊಯಿಲಿನ ಕಾಲ. ಸಿರುಗುಪ್ಪದಲ್ಲಿ ಬಂಧುಗಳ ಮನೆಯ ಮದುವೆ ಮುಗಿಸಿಕೊಂಡು ಕಾರಿನಲ್ಲಿ ಬಳ್ಳಾರಿಗೆ ಮರಳುತ್ತಿದ್ದೆವು. ತೆಕ್ಕಲಕೋಟೆ ದಾಟಿದ ಮೇಲೆ ಕುರಿಯ ಹಿಂಡೊಂದು ರಸ್ತೆಗೆ ಅಡ್ಡ ಬಂದಿತು. ಕಾರು ನಿಲ್ಲಿಸಿ ಕೊನೆಯ ಕುರಿ ದಾಟುವುದನ್ನು ಕಾಯುತ್ತಿದ್ದಾಗ, ಹಿಂದೆ ಬರುತ್ತಿದ್ದ ಭತ್ತದ ಲಾರಿ ವೇಗ ತಗ್ಗಿಸಿಯೂ ಪೂರ್ತಿ ನಿಲ್ಲಲಾರದೆ ನಮಗೆ ಗುದ್ದಿತು. ಇಳಿದು ನೋಡಿದರೆ ಕಾರಿನ ಹಿಂಬದಿ ನಜ್ಜುಗುಜ್ಜಾಗಿದ್ದಿತೇ ಹೊರತು ನಮಗೆ ಗಾಯವಿಲ್ಲ, ರಕ್ತವಿಲ್ಲ. "ದೇವರು ದೊಡ್ಡೋನು ಸಾರ್, ಏನೂ ಆಗಿಲ್ಲ" ಎಂದು ಲಾರಿಯ ಚಾಲಕನೇ ನಮ್ಮನ್ನು ಸಂತೈಸಿದನು. ನಾವೂ ಹಾಗೆಯೇ ನಂಬಿದೆವು. ಮರುದಿನ ಬೆಳಿಗ್ಗೆ ದಿಂಬಿನಿಂದ ತಲೆಯನ್ನು ಎತ್ತಲಾಗಲಿಲ್ಲ.

ಸೆಕೆಂಡಿನ ಹತ್ತನೆಯ ಒಂದು ಪಾಲು

ನಡೆದುದೇನೆಂಬುದನ್ನು ಲೆಕ್ಕ ಹಾಕಿ ನೋಡೋಣ. ನಿಂತಿದ್ದ ಕಾರಿನ ತೂಕ 1 ಟನ್, ಸರಕು ಸೇರಿ ಲಾರಿಯ ತೂಕ 16 ಟನ್ ಎಂದಿಟ್ಟುಕೊಳ್ಳಿ. ಸಮತೂಕದ ಕಾರೊಂದು ಗುದ್ದಿ, ಎರಡೂ ಅಂಟಿಕೊಂಡಂತೆ ಮುಂದೆ ಸಾಗಿದ್ದರೆ, ಅದರ ವೇಗದ ಅರ್ಧ ಮಾತ್ರ ನಮ್ಮ ಕಾರಿಗೆ ಬರುತ್ತಿದ್ದಿತು. ಲಾರಿ ಗುದ್ದಿದಾಗಲಾದರೋ, ಸಂವೇಗ ಸಂರಕ್ಷಣೆಯ ನಿಯಮದಂತೆ, ಅದರ ವೇಗದ ಹದಿನೇಳರಲ್ಲಿ ಹದಿನಾರು ಪಾಲು ಬರುವುದು. ಅದಿರಿನ ಲಾರಿಗಳೂ ಭತ್ತದ ಲಾರಿಗಳೂ ಹಗಲಿರುಳು ಓಡುವ ನಮ್ಮ ಸೀಮೆಯಲ್ಲಿ ಇದು ನೆನಪಿಡತಕ್ಕ ಮಾತು. ಲಾರಿ ಗಂಟೆಗೆ ಕೇವಲ 16 ಕಿಲೋಮೀಟರ್ ವೇಗದಲ್ಲಿ ಬಂದಿದ್ದರೂ ನಿಂತ ಕಾರು ಗಂಟೆಗೆ 15 ಕಿಲೋಮೀಟರ್ ವೇಗಕ್ಕೆ ನೆಗೆಯುವುದು. ಸೈಕಲ್ಲಿನ ವೇಗವಷ್ಟೆ!

ಆದರೆ ಆ ನೆಗೆತಕ್ಕೆ ದೊರೆಯುವ ಕಾಲ ಎಷ್ಟು? ಸುಮಾರು ಸೆಕೆಂಡಿನ ಹತ್ತನೆಯ ಒಂದು ಪಾಲು. ಆದುದರಿಂದ ಕಾರಿನ ವೇಗೋತ್ಕರ್ಷ ಭೂಮಿಯ ಗುರುತ್ವದ ನಾಲ್ಕು ಪಟ್ಟನ್ನು ಮೀರುವುದು. ಅಷ್ಟರಲ್ಲಿಯೇ ಕಾರು 21 ಸೆಂಟಿಮೀಟರ್, ಎಂದರೆ ಹೆಚ್ಚು ಕಡಿಮೆ ಒಂದು ಗೇಣು, ಮುಂದೆ ಸಾಗಿರುವುದು. ಆಸನವು ಬೆನ್ನನ್ನು ತಳ್ಳುವುದರಿಂದ ಎದೆಯೂ ಅದರೊಡನೆ ಸಾಗುವುದು. ತಲೆಯನ್ನು ತಳ್ಳುವವರು ಯಾರು? ಯಾರೂ ಇಲ್ಲ. ಜಡತ್ವದಿಂದ ಅದು ಇದ್ದಲ್ಲಿಯೇ ಉಳಿಯಲು ಹವಣಿಸುವುದು. ಆಸನವೇ ರಟ್ಟು, ತಲೆಯೇ ನಾಣ್ಯ. ಒಂದೇ ವ್ಯತ್ಯಾಸವೆಂದರೆ, ನಾಣ್ಯವನ್ನು ರಟ್ಟಿಗೆ ಯಾರೂ ಕಟ್ಟಿರಲಿಲ್ಲ. ತಲೆಯಾದರೋ ಕುತ್ತಿಗೆಯಿಂದ ಮೈಗೆ ಬಿಗಿದಿದೆ. ಹಿಂದೆ ಬಿದ್ದ ತಲೆಯನ್ನು ಮುಂದಕ್ಕೆ ಎಳೆದು ತರುವ ಕೆಲಸವೆಲ್ಲ ಕುತ್ತಿಗೆಯ ಪಾಲಿಗೆ ಬರುವುದು.

ಈ ಎಳೆತದಲ್ಲಿ ಮೊದಲು ಕುತ್ತಿಗೆಯ ಕೆಳಭಾಗ ಹಿಂದಕ್ಕೂ ಮೇಲ್ಭಾಗ ಮುಂದಕ್ಕೂ ಬಾಗಿ ಹಾವಿನಂತೆ ಸುಳಿಯುವುದು. ಬಳಿಕ ತಲೆ ಹಿಂದಕ್ಕೆ ವಾಲಿ, ಅಲ್ಲಿಂದ ಮುಂದಕ್ಕೆ ಚಿಮ್ಮುವುದು. ಚಾಟಿಯ ಹಿಡಿಯನ್ನು ಸ್ವಲ್ಪವೇ ಜಾಡಿಸಿದರೆ ತುದಿ ಎಷ್ಟು ರಭಸದಿಂದ ಸಿಡಿಯುವುದೆಂಬುದನ್ನು ಬಲ್ಲಿರಷ್ಟೆ? 1928ರಲ್ಲಿ ಅಮೆರಿಕದ ವೈದ್ಯ ಹೆರಾಲ್ಡ್ ಕ್ರೋ ಈ ಪೆಟ್ಟಿಗೆ 'ಚಾಟಿಯೇಟು' ಎಂಬರ್ಥದ ಹೆಸರನ್ನೇ ಕೊಟ್ಟನು. 1955ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸೆವೆರಿ ಮತ್ತು ಸಂಗಡಿಗರು ಕಾರುಗಳನ್ನು ಬೇಕೆಂದೇ ಹಿಂದಿನಿಂದ ಗುದ್ದಿಸಿ ಅಳತೆ ಮಾಡಿದರು. ತಲೆಯ ವೇಗೋತ್ಕರ್ಷ ಕಾರಿನದಕ್ಕಿಂತ ತಡವಾಗಿ ಬರುವುದು, ಆದರೆ ಅದರ ಎರಡು ಪಟ್ಟನ್ನೂ ಮೀರಬಲ್ಲದು ಎಂದು ತಿಳಿಯಿತು. ನಮ್ಮ ತಲೆಯ ತೂಕ ಸುಮಾರು 5 ಕಿಲೋಗ್ರಾಂ. ಮೇಲಿನ ಲೆಕ್ಕವನ್ನು ಮುಂದುವರಿಸಿದರೆ ಒಂದು ಕ್ಷಣ ಕುತ್ತಿಗೆ 40 ಕಿಲೋಗ್ರಾಂ ಭಾರದಷ್ಟು ಬಲವನ್ನು ಅಡ್ಡಲಾಗಿ ತಡೆಯಬೇಕಾಯಿತು.

"ಮಾರುಕಟ್ಟೆಯ ಹಮಾಲರು ಇದಕ್ಕಿಂತ ಹೆಚ್ಚಿನ ಮೂಟೆಯನ್ನು ತಲೆಯ ಮೇಲೆ ಹೊರುವುದಿಲ್ಲವೆ?" ಎಂದು ಯಾರಾದರೂ ಕೇಳಬಹುದು. ಹೊರುತ್ತಾರೆ, ನಿಜ. ಆದರೆ ಆ ಭಾರ ನೆಟ್ಟಗೆ ಇಳಿಯುತ್ತದೆ. ಅದು ಬರುವುದು ಮೊದಲೇ ತಿಳಿದಿರುವುದರಿಂದ ಸ್ನಾಯುಗಳು ಬಿಗಿದು ಸಿದ್ಧವಾಗಿರುತ್ತವೆ. ಅಕಸ್ಮಾತ್ತಾಗಿ ಬಂದ ಪೆಟ್ಟಿಗೆ ಸ್ನಾಯುಗಳು ಪೂರ್ತಿ ಬಿಗಿಯುವಷ್ಟರಲ್ಲಿ ಕೇಡು ಆಗಿಹೋಗಿರುತ್ತದೆ. ಜಿರಾಫೆಗೂ ನಮಗೂ ಕುತ್ತಿಗೆಯಲ್ಲಿ ಇರುವುದು ಏಳೇ ಎಲುಬು. ಅವುಗಳನ್ನು ಬಂಧಿಸಿರುವ ತಂತುಕಟ್ಟುಗಳೂ ಕೀಲುಗಳೂ ಸ್ನಾಯುಗಳೂ ಹಿಗ್ಗಿ ಹರಿದರೆ ಊತ ಬರಲು ಕೆಲವು ಗಂಟೆಗಳೇ ಬೇಕು. ನೋವು ಮರುದಿನ ಕಾಣಿಸಿಕೊಂಡುದಕ್ಕೆ ಕಾರಣ ಇದೇ.

ಮೊದಲು ಎಲುಬು, ಆಮೇಲೆ ನೋವು

ನಮ್ಮ ನೋವನ್ನು ಕಂಡ ಹಿರಿಯರೊಬ್ಬರು, ಕ್ಷೌರಿಕನಿಂದ ಕುತ್ತಿಗೆಯ ನೆಟಿಕೆ ತೆಗೆಸಿದರೆ ಸರಿಹೋಗುವುದೆಂದರು. ಕುರುಗೋಡಿನ ಮಿತ್ರರೊಬ್ಬರು ಎಣ್ಣೆ ಹಾಕಿ ತಿಕ್ಕುವ ನಾಟಿ ವೈದ್ಯರ ವಿಳಾಸ ಕೊಟ್ಟರು. ಎರಡನ್ನೂ ಬದಿಗಿರಿಸಿ ಮೂಳೆವೈದ್ಯರ ಬಳಿ ಹೋದೆವು. ಅದು ಜಾಣತನವಾಗಿದ್ದಿತೆಂದು ಆಮೇಲೆ ತಿಳಿಯಿತು. ಎಲುಬು ಬಿರಿದಿದ್ದರೆ ಒಂದು ತಿರುವು ಬೆನ್ನುಹುರಿಯನ್ನೇ ಘಾಸಿಗೊಳಿಸಬಹುದು. 2001ರಲ್ಲಿ ಕೆನಡದ ವೈದ್ಯರು ರೂಪಿಸಿದ ಒಂದು ನಿಯಮವನ್ನು ಈಗ ಅನೇಕ ದೇಶಗಳಲ್ಲಿ ಅನುಸರಿಸುತ್ತಾರೆ. ವಯಸ್ಸು 65 ಅಥವಾ ಹೆಚ್ಚಾಗಿದ್ದರೆ, ಕೈಕಾಲು ಜೋಮು ಹಿಡಿದಿದ್ದರೆ, ಅಪಘಾತ ಅಪಾಯಕರ ಬಗೆಯದಾಗಿದ್ದರೆ ಕ್ಷ-ಕಿರಣ ಚಿತ್ರ ಅಗತ್ಯ; ತಲೆಯನ್ನು ಎಡಬಲಕ್ಕೆ 45 ಡಿಗ್ರಿ ತಿರುಗಿಸಲಾಗದಿದ್ದರೂ ಅಗತ್ಯ. ಹಿಂದಿನಿಂದ ಬಸ್ಸು ಅಥವಾ ದೊಡ್ಡ ಲಾರಿ ಗುದ್ದಿದ ಪೆಟ್ಟನ್ನು ಈ ನಿಯಮ 'ಸರಳ ಡಿಕ್ಕಿ' ಎಂದು ಪರಿಗಣಿಸುವುದಿಲ್ಲ.

ಚಿತ್ರದಲ್ಲಿ ಎಲುಬುಗಳು ಸರಿಯಾಗಿದ್ದವು. 1995ರಲ್ಲಿ ಕ್ವೆಬೆಕ್ಕಿನ ತಜ್ಞರ ಸಮಿತಿಯೊಂದು ಇಂಥ ಪೆಟ್ಟುಗಳನ್ನು ವರ್ಗೀಕರಿಸಿದೆ: ನೋವು ಮಾತ್ರವಿದ್ದರೆ ಒಂದನೆಯ ದರ್ಜೆ, ಚಲನೆಯೂ ಕುಗ್ಗಿದ್ದರೆ ಎರಡನೆಯದು, ನರಕ್ಕೆ ಪೆಟ್ಟಾಗಿದ್ದರೆ ಮೂರನೆಯದು, ಎಲುಬು ಮುರಿದಿದ್ದರೆ ಅಥವಾ ಜರುಗಿದ್ದರೆ ನಾಲ್ಕನೆಯದು. ನಮ್ಮದು ಎರಡನೆಯದು. "ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಮಲಗಬೇಡಿ ಮೇಷ್ಟ್ರೆ, ಮೆಲ್ಲಮೆಲ್ಲನೆ ಆಡಿಸುತ್ತಿರಿ" ಎಂದು ವೈದ್ಯರು ಹೇಳಿ, ವ್ಯಾಯಾಮ ತೋರಿಸಿ ಮಾತ್ರೆ ಬರೆದುಕೊಟ್ಟರು. ಮೂರು ವಾರ ಕಳೆದರೂ ಕರಿಹಲಗೆಯ ಮೇಲ್ತುದಿಯಲ್ಲಿ ಬರೆಯಲು ತಲೆಯೆತ್ತಿದರೆ ಕಣ್ಣು ಕತ್ತಲಿಡುವಷ್ಟು ನೋವು. ಪಾಠ ಹೇಳುವುದೇ ಜೀವನವಾದವರಿಗೆ ಇದು ಸಣ್ಣ ಚಿಂತೆಯಲ್ಲ. ಆಗ ಸಹೋದ್ಯೋಗಿಯೊಬ್ಬರು ಅಕ್ಯುಪಂಕ್ಚರಿನ ಮಾತೆತ್ತಿದರು.

ಚೀನದಿಂದ ಬಂದ ಸೂಜಿ

ಸೂಜಿಚಿಕಿತ್ಸೆ ಚೀನದಲ್ಲಿ ಎರಡು ಸಾವಿರ ವರ್ಷಗಳಿಗೂ ಹಳೆಯದು. ಅದು ಭಾರತಕ್ಕೆ ಬಂದ ಕಥೆಗೂ ನಮ್ಮ ನೆರೆಗೂ ಒಂದು ನಂಟಿದೆ. 1938ರಲ್ಲಿ, ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಕ್ಕೆ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸು ಐವರು ವೈದ್ಯರನ್ನು ಕಳುಹಿಸಿತು. ಅವರಲ್ಲೊಬ್ಬರು ಕನ್ನಡಿಗರೂ ನೆಲೆಸಿರುವ ಸೊಲ್ಲಾಪುರದಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನೀಸ್; ಅವರು 1942ರಲ್ಲಿ ಚೀನದಲ್ಲಿಯೇ ತೀರಿಕೊಂಡರು. ಅವರ ಜೊತೆಗಾರ ಡಾ. ಬಿಜಯ ಕುಮಾರ ಬಸು ಮುಂದೆ ಚೀನಕ್ಕೆ ಮತ್ತೆ ಹೋಗಿ ಸೂಜಿಚಿಕಿತ್ಸೆಯನ್ನು ಕಲಿತುಬಂದು, 1959ರಿಂದ ಕಲಕತ್ತೆಯಲ್ಲಿ ಅದನ್ನು ಬಳಕೆಗೆ ತಂದರು. ಪಶ್ಚಿಮದ ಜನ ಕಣ್ಣರಳಿಸಿದುದು 1971ರಲ್ಲಿ. ಪೀಕಿಂಗಿನಲ್ಲಿ ಕರುಳುಬಾಲದ ಶಸ್ತ್ರಕ್ರಿಯೆಗೆ ಒಳಗಾದ ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್, ಆಮೇಲಿನ ಹೊಟ್ಟೆಯ ಬಾಧೆ ಸೂಜಿಯಿಂದ ತಗ್ಗಿತೆಂದು ಬರೆದನು. ಶಸ್ತ್ರಕ್ರಿಯೆಗೆ ಬಳಸಿದುದು ಎಂದಿನ ಅರಿವಳಿಕೆಯ ಮದ್ದನ್ನೇ. ಜನ ಅದನ್ನು ಮರೆತು ಸೂಜಿಯ ಪವಾಡವನ್ನಷ್ಟೇ ನೆನಪಿಟ್ಟುಕೊಂಡರು. ಭಾರತ ಸರಕಾರ 2003ರಲ್ಲಿ ಇದನ್ನು ಚಿಕಿತ್ಸೆಯ ಒಂದು ವಿಧಾನವೆಂದು ಒಪ್ಪಿತು. 2019ರಲ್ಲಿ ಸ್ವತಂತ್ರ ಚಿಕಿತ್ಸಾಪದ್ಧತಿಯೆಂದು ಮನ್ನಿಸಿತು.

ಹಳೆಯ ಚೀನೀ ಶಾಸ್ತ್ರದ ಪ್ರಕಾರ 'ಚೀ' ಎಂಬ ಪ್ರಾಣಶಕ್ತಿ ದೇಹದಲ್ಲಿ ಗೊತ್ತಾದ ದಾರಿಗಳಲ್ಲಿ ಹರಿಯುತ್ತದೆ. ಹರಿವು ತಡೆದಲ್ಲಿ ನೋವು. ಈ ದಾರಿಗಳ ಮೇಲೆ 361 ಬಿಂದುಗಳನ್ನು ಗುರುತಿಸಿದ್ದಾರೆ. ಅಂಗಚ್ಛೇದನ ಮಾಡಿದವರಿಗೆ ಇಂಥ ನಾಳಗಳು ಕಂಡಿಲ್ಲ. ಯಾವ ಉಪಕರಣವೂ 'ಚೀ'ಯನ್ನು ಅಳೆದಿಲ್ಲ. ಹಾಗಾದರೆ ಸೂಜಿ ಏನನ್ನೂ ಮಾಡುವುದಿಲ್ಲವೆ? ಹಾಗೆಂದು ತೀರ್ಪು ಕೊಡುವುದೂ ಅವಸರವೇ. ವಿವರಣೆ ತಪ್ಪಾಗಿದ್ದ ಮಾತ್ರಕ್ಕೆ ಘಟನೆ ಸುಳ್ಳಾಗಬೇಕೆಂದಿಲ್ಲ.

ಕಾಲು ಎಡವಿದಾಗ ಬೆರಳನ್ನು ಉಜ್ಜಿಕೊಳ್ಳುತ್ತೇವೆ, ನೋವು ಕಡಮೆಯಾಗುತ್ತದೆ. 1965ರಲ್ಲಿ ಮೆಲ್ಜ್ಯಾಕ್ ಮತ್ತು ವಾಲ್ ಇದಕ್ಕೊಂದು ಕಾರಣ ಸೂಚಿಸಿದರು: ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಒಂದು ಬಾಗಿಲಿದೆ, ಬೇರೆ ಸ್ಪರ್ಶದ ಸುದ್ದಿಗಳು ಬಂದಾಗ ಅದು ಅರೆಮುಚ್ಚುವುದು. 1975ರಲ್ಲಿ ಹ್ಯೂಸ್ ಮತ್ತು ಕಾಸ್ಟರ್ಲಿಟ್ಸ್ ಮಿದುಳೇ ತಯಾರಿಸುವ, ಅಫೀಮಿನ ಗುಣದ ನೋವುನಿವಾರಕಗಳನ್ನು ಕಂಡುಹಿಡಿದರು. 1977ರಲ್ಲಿ ಮೇಯರ್ ಮತ್ತು ಸಂಗಡಿಗರು, ಸೂಜಿಯಿಂದ ತಗ್ಗಿದ ಹಲ್ಲಿನ ನೋವು ಅಫೀಮಿನ ವಿರೋಧಿಯಾದ ನಲಾಕ್ಸೋನ್ ಕೊಟ್ಟಾಗ ಮರಳಿತೆಂದು ವರದಿ ಮಾಡಿದರು. ಮುಂದಿನ ಪ್ರಯೋಗಗಳೆಲ್ಲವೂ ಒಂದೇ ಉತ್ತರ ಕೊಟ್ಟಿಲ್ಲ. ಆದರೂ ಸೂಜಿಯ ಚುಚ್ಚು ನರಮಂಡಲವನ್ನು ತಟ್ಟುವುದೆಂಬುದರಲ್ಲಿ ಸಂದೇಹವಿಲ್ಲ.

ಮಡಚುವ ಸೂಜಿಯ ಪರೀಕ್ಷೆ

ಭೌತವಿಜ್ಞಾನಿಗೆ ಬೇಕಾದುದು ಹೋಲಿಕೆ. ಮಾತ್ರೆಯ ಬದಲು ಸಕ್ಕರೆ ಗುಳಿಗೆ ಕೊಟ್ಟು ಔಷಧವನ್ನು ಪರೀಕ್ಷಿಸಬಹುದು. ಸೂಜಿಯ ಬದಲು ಏನು ಕೊಡುವುದು? 1998ರಲ್ಲಿ ಹೈಡೆಲ್‌ಬರ್ಗಿನ ಸ್ಟ್ರೈಟ್‌ಬರ್ಗರ್ ಮತ್ತು ಜೊತೆಗಾರರು ಒಂದು ಯುಕ್ತಿ ಹೂಡಿದರು. ನಾಟಕದ ಕಠಾರಿಯ ಅಲಗು ಹಿಡಿಯೊಳಕ್ಕೆ ಸರಿಯುವಂತೆ, ಅವರ ಸೂಜಿಯ ಮೊಂಡು ತುದಿ ಚರ್ಮವನ್ನು ಒತ್ತಿದೊಡನೆ ಹಿಡಿಯೊಳಕ್ಕೆ ಸರಿಯುವುದು. ರೋಗಿ ಚುಚ್ಚಿತೆಂದೇ ನಂಬುವನು.

ಇಂಥ ಹೋಲಿಕೆಗಳಿಂದ ತಿಳಿದುದೇನು? ವಿಕರ್ಸ್ ಮತ್ತು ಸಂಗಡಿಗರು 2018ರಲ್ಲಿ 39 ಪ್ರಯೋಗಗಳ 20,827 ರೋಗಿಗಳ ವಿವರಗಳನ್ನು ಕ್ರೋಡೀಕರಿಸಿದರು. ಬೆನ್ನು, ಕುತ್ತಿಗೆ, ಮಂಡಿ, ತಲೆನೋವುಗಳ ಹಳೆಯ ಬಾಧೆಯಲ್ಲಿ ನಿಜವಾದ ಸೂಜಿ ಸೋಗಿನ ಸೂಜಿಗಿಂತ ಸ್ವಲ್ಪ ಮೇಲು. ಸೂಜಿಯೇ ಇಲ್ಲದುದಕ್ಕಿಂತ ಗಣನೀಯವಾಗಿ ಮೇಲು. ಎಂದರೆ, ಫಲದ ದೊಡ್ಡದೊಂದು ಪಾಲು ನಂಬಿಕೆಯಿಂದಲೂ ಆರೈಕೆಯಿಂದಲೂ ಬರುವುದು. ಚಾಟಿಯೇಟಿಗೆ ಸಂಬಂಧಿಸಿದಂತೆ ಕ್ಯಾಮೆರಾನ್ ಮತ್ತು ಸಂಗಡಿಗರು ಆಸ್ಟ್ರೇಲಿಯದಲ್ಲಿ 124 ಮಂದಿಯ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗವಿದೆ. ನೋವು ಸೋಗಿನ ಚಿಕಿತ್ಸೆಯವರಿಗಿಂತ ಸ್ವಲ್ಪ ಹೆಚ್ಚಾಗಿ ತಗ್ಗಿತು. ಆದರೆ ದಿನನಿತ್ಯದ ಕೆಲಸಗಳ ಅಶಕ್ತತೆ ತಗ್ಗಲಿಲ್ಲ.

ಇಷ್ಟನ್ನು ತಿಳಿದ ಮೇಲೆಯೇ, ಮೂಳೆವೈದ್ಯರ ಒಪ್ಪಿಗೆ ಪಡೆದು, ವೈದ್ಯಪದವಿಯೊಡನೆ ಸೂಜಿಚಿಕಿತ್ಸೆಯಲ್ಲಿ ತರಬೇತಿ ಹೊಂದಿದ ಒಬ್ಬರ ಬಳಿ ಹೋದೆವು. ಸೂಜಿ ಕೂದಲಿಗಿಂತ ಕೊಂಚ ದಪ್ಪ, ಕಾಲು ಮಿಲಿಮೀಟರಿನಷ್ಟು. ತಲೆಬುರುಡೆಯ ಬುಡದ ಎರಡು ತಗ್ಗುಗಳಲ್ಲಿ, ಭುಜದ ಮೇಲೆ, ಕಿರುಬೆರಳಿನ ಕಡೆಯ ಅಂಗೈಯಂಚಿನಲ್ಲಿ ಚುಚ್ಚಿ ಇಪ್ಪತ್ತು ನಿಮಿಷ ಬಿಟ್ಟರು. ಇರುವೆ ಕಚ್ಚಿದಂತೆ ಒಂದು ಚುರುಕು, ಬಳಿಕ ಮಂದವಾದ ಸೆಳೆತ, ಅಷ್ಟೆ. ಮೂರು ವಾರಗಳಲ್ಲಿ ಆರು ಸಲ ಹೋದೆವು. ಆರನೆಯ ಸಲದ ಹೊತ್ತಿಗೆ ಕರಿಹಲಗೆಯ ಮೇಲ್ತುದಿಗೆ ಕೈಯೂ ಕಣ್ಣೂ ಏರಿದವು.

ಹಾಗಾದರೆ ನಮ್ಮನ್ನು ವಾಸಿ ಮಾಡಿದುದು ಸೂಜಿಯೇ? ಮನೆಯವರು ಹೌದೆನ್ನುತ್ತಾರೆ. ನಾವು ಹಾಗೆನ್ನಲಾರೆವು. ಆ ಮೂರು ವಾರಗಳಲ್ಲಿ ವ್ಯಾಯಾಮವನ್ನೂ ಮಾಡುತ್ತಿದ್ದೆವು. ಕಾಲವೂ ತನ್ನ ಕೆಲಸ ಮಾಡುತ್ತಿದ್ದಿತು. ಇಂಥ ಪೆಟ್ಟು ತಿಂದವರಲ್ಲಿ ಅನೇಕರು ಕೆಲವು ತಿಂಗಳುಗಳಲ್ಲಿ ತಾವಾಗಿಯೇ ಗುಣವಾಗುತ್ತಾರೆ; ಸುಮಾರು ಅರ್ಧದಷ್ಟು ಮಂದಿಗೆ ವರ್ಷದ ಬಳಿಕವೂ ಅಷ್ಟಿಷ್ಟು ನೋವು ಉಳಿಯುತ್ತದೆ. ನೋವು ತೀರ ಹೆಚ್ಚಿದಾಗಲೇ ನಾವು ಹೊಸ ಚಿಕಿತ್ಸೆಗೆ ಓಡುವುದು. ತುತ್ತತುದಿಗೇರಿದ ನೋವು ಬಹುಮಟ್ಟಿಗೆ ಇಳಿಯಲೇಬೇಕು. ಒಬ್ಬನೇ ರೋಗಿ, ಸೋಗಿನ ಸೂಜಿ ಇಲ್ಲ. ಇಂಥ ಪ್ರಯೋಗವನ್ನು ವಿದ್ಯಾರ್ಥಿಯೊಬ್ಬ ಬರೆದು ತಂದರೆ ನಾವು ಅಂಕ ಕೊಡುತ್ತಿದ್ದೆವೆ? ಸೂಜಿ ನೋವನ್ನು ತಗ್ಗಿಸಿ ವ್ಯಾಯಾಮಕ್ಕೆ ದಾರಿ ಮಾಡಿಕೊಟ್ಟಿರಬಹುದು. ಹರಿದ ತಂತುವನ್ನು ಅದು ಹೊಲಿಯಿತೆನ್ನಲು ಆಧಾರವಿಲ್ಲ.

ಹೋಗುವವರು ಕೆಲವು ಮಾತು ನೆನಪಿಡಬೇಕು. ಎಲುಬು ಸರಿಯಿದೆಯೆಂದು ಖಚಿತವಾಗುವ ತನಕ ಸೂಜಿ ಬೇಡ, ತಿಕ್ಕುವುದೂ ಬೇಡ. ಕೈ ಜೋಮು ಹಿಡಿದರೆ, ಬಲ ಕುಂದಿದರೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಒಮ್ಮೆ ಬಳಸಿ ಎಸೆಯುವ ಶುದ್ಧ ಸೂಜಿಯೇ ಆಗಬೇಕು. ಭುಜದ ಕೆಳಗೆ ಶ್ವಾಸಕೋಶವಿದೆ. ಅರಿಯದವರ ಸೂಜಿ ಅದನ್ನು ತೂತು ಮಾಡಿದುದುಂಟು. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರು ಮೊದಲೇ ತಿಳಿಸಬೇಕು.

ಇನ್ನೊಂದು ಮಾತು ಉಳಿದಿದೆ. ತಲೆಯನ್ನು ತಳ್ಳುವವರು ಯಾರೂ ಇಲ್ಲವೆಂದು ಮೇಲೆ ಹೇಳಿದೆವು. ಆಸನದ ಮೇಲಿನ ತಲೆಯಾಸರೆ ಇರುವುದು ಆ ಕೆಲಸಕ್ಕಾಗಿಯೇ. ಅಮೆರಿಕದಲ್ಲಿ 1969ರಿಂದಲೇ ಹೊಸ ಕಾರುಗಳ ಮುಂದಿನ ಆಸನಗಳಿಗೆ ಅದನ್ನು ಕಡ್ಡಾಯ ಮಾಡಿದರು. ಅದರ ಮೇಲಂಚು ನೆತ್ತಿಯ ಮಟ್ಟಕ್ಕಿರಬೇಕು. ತಲೆಯಿಂದ ನಾಲ್ಕು ಬೆರಳಿಗಿಂತ ದೂರವಿರಬಾರದು. ಆಗ ಬೆನ್ನೂ ತಲೆಯೂ ಒಟ್ಟಿಗೆ ಸಾಗುವುವು. ಅಪಘಾತದ ದಿನ ನಮ್ಮ ಕಾರಿನಲ್ಲಿ ಅದು ತೀರ ಕೆಳಗಿನ ಹಂತದಲ್ಲಿದ್ದಿತು. ಜಡತ್ವದ ಪಾಠವನ್ನು ವರ್ಷವರ್ಷವೂ ಹೇಳುತ್ತಿದ್ದ ನಾವು ಒಂದು ಗುಂಡಿಯನ್ನು ಒತ್ತಿ ಅದನ್ನು ಮೇಲೆತ್ತಿರಲಿಲ್ಲ. ವಾಚಕರು ಇಂದೇ ಎತ್ತಿಕೊಳ್ಳಲಿ.